ಕೇಪಳದ ಬೇರು, ಗಂಜಿಯ ತಿಳಿ

ಮೊನ್ನೆ ಭಾನುವಾರ ನಮ್ಮ ಅಪಾರ್ಟ್‌ಮೆಂಟಿನ ಬೇಲಿಯಿಂದ ಒಂದು ಹಿಡಿ ಕೇಪಳದ ಹೂ ಕಿತ್ತು ತಂಬುಳಿ ಮಾಡಿದೆ. ಅಮ್ಮನಿಗೆ ಫೋನ್ ಮಾಡಿ ಹೇಳಿದ್ದೇ ತಪ್ಪಾಯ್ತು.

"ಎಲ್ಲಿಂದ ಕಿತ್ತದ್ದು?"

"ಇಲ್ಲೇ ಕೆಳಗೆ, ಗೇಟಿನ ಪಕ್ಕ ಸಾಲಾಗಿ ಉಂಟಲ್ಲ ಅಮ್ಮ."

"ಅದು ಕೇಪಳ ಅಲ್ಲ ಮಾರಾಯ್ತಿ. ಅದು ಚಂದಕ್ಕೆ ನೆಡುವ ಗಿಡ. ಅದಕ್ಕೆ ಎಂತೆಲ್ಲ ಮದ್ದು ಬಿಡ್ತಾರೋ ಏನೋ. ಚೆಲ್ಲು ಅದನ್ನು."

ನಮ್ಮ ಕಡೆ 'ಮದ್ದು' ಎಂದರೆ ಜ್ವರಕ್ಕೆ ಕುಡಿಯುವುದೂ ಹೌದು, ಮಳೆಗಾಲದಲ್ಲಿ ಅಡಿಕೆ ಮರಕ್ಕೆ ಬಿಡುವುದೂ ಹೌದು. ಅಮ್ಮ ಹೇಳಿದ್ದು ಎರಡನೆಯದನ್ನು. ನಾನು ಮಾಡಹೊರಟದ್ದು ಮೊದಲನೆಯದನ್ನು. ಕೆಳಗೆ ಹೋಗಿ ತೋಟದ ಕೆಲಸದವರನ್ನು ಕೇಳಿದೆ. ಹೌದು ಮೇಡಂ, ಹೋದ ವಾರವಷ್ಟೇ ಹುಳಕ್ಕೆ ಹೊಡೆದಿದ್ದೇವೆ ಅಂದರು. ತಂಬುಳಿ ಸಿಂಕಿಗೆ ಹೋಯಿತು. ಅಷ್ಟು ಚೆನ್ನಾಗಿ ತುಪ್ಪದಲ್ಲಿ ಹುರಿದಿದ್ದೆ, ಹೊಟ್ಟೆ ಉರಿಯಿತು.

ಆದರೆ ಅಮ್ಮ ಹೇಳಿದ ಇನ್ನೊಂದು ಮಾತು ತಲೆಯಲ್ಲಿ ಉಳಿಯಿತು. ಅದು ಕೇಪಳ ಅಲ್ಲ ಅನ್ನುವುದು. ಸಸ್ಯಶಾಸ್ತ್ರದವರನ್ನು ಕೇಳಿದರೆ ಎರಡೂ ಇಕ್ಸೋರಾ ಕುಲದವೇ, ಒಂದೇ ಮನೆಯ ಮಕ್ಕಳು. ನರ್ಸರಿಯಲ್ಲಿ ಸಿಗುವುದು ಹೆಚ್ಚಾಗಿ ಮಿಶ್ರ ತಳಿ. ಕೆಂಪು, ಹಳದಿ, ಗುಲಾಬಿ, ಬಿಳಿ ಎಲ್ಲ ಬಣ್ಣ ಸಿಗುತ್ತದೆ. ಕತ್ತರಿ ಹಾಕಿದ ಹಾಗೆಲ್ಲ ಚೌಕಾಕಾರಕ್ಕೆ ಬೆಳೆಯುತ್ತದೆ. ಗುಡ್ಡೆಯ ಕೇಪಳ ಹಾಗಲ್ಲ. ಅದು ಯಾರ ಮಾತನ್ನೂ ಕೇಳದೆ ಅಡ್ಡಾದಿಡ್ಡಿ ಬೆಳೆಯುವ ಗಿಡ. ಎಲೆಗೆ ತೊಟ್ಟು ಇದ್ದೂ ಇಲ್ಲದ ಹಾಗೆ, ಕೊಂಬೆಗೇ ಅಂಟಿ ಕೂತಿರುತ್ತದೆ, ಎದುರುಬದುರು ಎರಡೆರಡು. ಎಲೆಯ ಬುಡ ಒಳಕ್ಕೆ ಸ್ವಲ್ಪ ಬಾಗಿ ಹೃದಯದ ಹಾಗೆ. ದಪ್ಪ ಎಲೆ, ಮುಟ್ಟಿದರೆ ಗಟ್ಟಿ. ತುದಿಯಲ್ಲಿ ಕೆಂಡದ ಬಣ್ಣದ ಹೂಗೊಂಚಲು. ಒಂದೊಂದು ಹೂವಿಗೂ ನಾಲ್ಕೇ ಎಸಳು, ಕೆಳಗೆ ಬೆರಳಿನ ಅರ್ಧದಷ್ಟು ಉದ್ದದ ಸಪೂರ ಕೊಳವೆ.

ಅದು ಬೆಳೆಯುವ ಜಾಗ ನೋಡಿದವರಿಗೆ ಗಿಡದ ಮೇಲೆ ಗೌರವ ಬಾರದೆ ಇರುವುದಿಲ್ಲ. ಪುತ್ತೂರಿನ ಹತ್ತಿರ ನಮ್ಮ ಅಜ್ಜಿಮನೆಯ ಹಿಂದೆ ಒಂದು ಗುಡ್ಡೆ. ಮೇಲೆಲ್ಲ ಮುರಕಲ್ಲಿನ, ಅಂದರೆ ಕೆಂಪುಕಲ್ಲಿನ, ಪಾರೆ, ನಡುನಡುವೆ ಪೊದೆಕಾಡು, ಕೆಳಗಿಳಿದರೆ ತೋಡಿನ (ಸಣ್ಣ ಹಳ್ಳದ) ಬದಿಗೆ ದೊಡ್ಡ ಮರಗಳು. ಏಪ್ರಿಲ್ ಬಂತೆಂದರೆ ಪಾರೆಯ ಮೇಲಿನ ಹುಲ್ಲೆಲ್ಲ ಒಣಗಿ ಬಿಳಿಚಿಕೊಂಡು, ಕಾಲಿಟ್ಟರೆ ಚರಚರ ಸದ್ದು. ಕಲ್ಲು ಕಾದು ಬರಿಗಾಲಲ್ಲಿ ನಿಲ್ಲಲಾಗದು. ಅಂಥ ಕಲ್ಲಿನ ಬಿರುಕಲ್ಲಿ ಬೇರಿಳಿಸಿಕೊಂಡು, ಒಂದು ಎಲೆಯನ್ನೂ ಉದುರಿಸದೆ, ಕಡುಹಸಿರಾಗಿ ನಿಂತು ಹೂ ಬಿಡುವ ಗಿಡ ಇದು. ಪಕ್ಕದ ಕುಂಟಾಲದ ಗಿಡವೂ ಹಸಿರೇ, ಇಲ್ಲವೆಂದಲ್ಲ. ಆದರೆ ಅದಕ್ಕೆ ಈ ಬೆಂಕಿ ಇಲ್ಲ. ವರ್ಷವಿಡೀ ಅಲ್ಲೊಂದು ಇಲ್ಲೊಂದು ಗೊಂಚಲು ಕಾಣಸಿಗುತ್ತದೆ. ಬೇಸಿಗೆಯಲ್ಲಿ ಸುತ್ತ ಬೇರೆ ಬಣ್ಣವೇ ಇಲ್ಲದ್ದಕ್ಕೋ ಏನೋ, ದೂರದಿಂದಲೇ ಕಣ್ಣಿಗೆ ಹೊಡೆಯುತ್ತದೆ.

ನಮಗೆ ಮಕ್ಕಳಿಗೆ ಕೇಪಳ ಮೊದಲು ತಿಂಡಿ, ಆಮೇಲೆ ಆಟ. ಮದ್ದು ಎಂದು ಗೊತ್ತಾದದ್ದು ಬಹಳ ತಡವಾಗಿ. ಹೂವಿನ ಮಧ್ಯದಿಂದ ಹೊರಗೆ ಇಣುಕುವ ನೂಲಿನಂಥದ್ದನ್ನು ಮೆಲ್ಲಗೆ, ತುಂಡಾಗದ ಹಾಗೆ, ಕೆಳಗಿನಿಂದ ಎಳೆದರೆ ತುದಿಯಲ್ಲಿ ಜೇನಿನ ಒಂದು ಹನಿ ಬರುತ್ತದೆ. ಸಾಸಿವೆಯಷ್ಟೂ ಇಲ್ಲ. ಅದನ್ನು ನಾಲಿಗೆಗೆ ಮುಟ್ಟಿಸಿಕೊಂಡು ಇನ್ನೊಂದು ಹೂವಿಗೆ ಕೈ. ಹೀಗೆ ಅರ್ಧ ಗಂಟೆ ಹೀರಿದರೆ ಒಂದು ಚಮಚವೂ ಆಗುವುದಿಲ್ಲ, ಆದರೆ ಅರ್ಧ ಗಂಟೆ ಹೋದದ್ದು ಗೊತ್ತಾಗುವುದಿಲ್ಲ. ಆಮೇಲೆ ಸೂಜಿದಾರ ಇಲ್ಲದ ಮಾಲೆ. ಒಂದು ಹೂವಿನ ಕೊಳವೆಯನ್ನು ಇನ್ನೊಂದರ ಬಾಯಿಗೆ ತೂರಿಸಿ, ಅದನ್ನು ಮತ್ತೊಂದರದ್ದಕ್ಕೆ. ಕೊನೆಗೆ ಉಂಗುರ, ಬಳೆ, ಕಿವಿಗೆ ಓಲೆ. ಹಣ್ಣೂ ತಿನ್ನಬಹುದು. ಮೊದಲು ಕೆಂಪಗಾಗಿ, ಪೂರ್ತಿ ಹಣ್ಣಾದಾಗ ಕಪ್ಪು ತಿರುಗುವ ಬಟಾಣಿ ಗಾತ್ರದ ಹಣ್ಣು. ಒಳಗೆ ಎರಡು ಬೀಜ, ಕಾಫಿ ಬೀಜದ ತಂಗಿಯರ ಹಾಗೆ. ಹಾಗೆ ಕಂಡದ್ದರಲ್ಲಿ ಆಶ್ಚರ್ಯವಿಲ್ಲ, ಕಾಫಿ ಮತ್ತು ಕೇಪಳ ಒಂದೇ ಕುಟುಂಬದ ಗಿಡಗಳು.

ಆ ನೂಲಿನ ಕಥೆ ನನಗೆ ಗೊತ್ತಾದದ್ದು ಮೊನ್ನೆಮೊನ್ನೆ. ಕೇಪಳದ ಮೊಗ್ಗು ಅರಳುವ ಮೊದಲೇ ಒಳಗೆ ಪರಾಗ ಉದುರಿ ಆ ನೂಲಿಗೆ ಅಂಟಿಕೊಂಡಿರುತ್ತದಂತೆ. ಅಂದರೆ ಹೂವಿನ ಹೆಣ್ಣು ಭಾಗ ಮೊದಲು ಗಂಡಿನ ಕೆಲಸ ಮಾಡುತ್ತದೆ, ಪರಾಗವನ್ನು ಹೊರಗೆ ಚಾಚಿ ಹಿಡಿದು ಬಂದವರಿಗೆ ಹಂಚುತ್ತದೆ. ಅದು ಖಾಲಿಯಾದ ಮೇಲೆ ತುದಿ ಎರಡಾಗಿ ಸೀಳಿ ತಾನು ಬೇರೆ ಹೂವಿನ ಪರಾಗ ತೆಗೆದುಕೊಳ್ಳಲು ಸಿದ್ಧವಾಗುತ್ತದೆ. ಕೊಳವೆ ಉದ್ದ, ಬಾಯಿ ಕಿರಿದು, ಜೇನು ತಳದಲ್ಲಿ. ಹಾಗಾಗಿ ಉದ್ದ ಸೊಂಡಿಲಿನ ಚಿಟ್ಟೆಗಳಿಗೇ ಇಲ್ಲಿ ಊಟ. ಗುಡ್ಡೆಯ ಕೇಪಳಕ್ಕೆ ಕಪ್ಪು-ಹಳದಿಯ ದೊಡ್ಡ ಚಿಟ್ಟೆ ಬರುತ್ತಿತ್ತು, ಅಂಗೈಗಿಂತ ಅಗಲ, ಹಕ್ಕಿಯೇ ಅನ್ನಬೇಕು. ಅದೇ ಈಗ ಕರ್ನಾಟಕದ ರಾಜ್ಯ ಚಿಟ್ಟೆ, ಸದರ್ನ್ ಬರ್ಡ್‌ವಿಂಗ್. ನಾವು ಅದಕ್ಕೆ ಬರಬೇಕಾದ ಎಷ್ಟು ಹನಿ ಜೇನು ಕದ್ದಿದ್ದೇವೋ.

ಹೆಸರಿನ ವಿಷಯಕ್ಕೆ ಬಂದರೆ ಈ ಗಿಡದ ಜಾತಕ ದೊಡ್ಡದು. ತುಳುವಿನಲ್ಲಿ ಕೇಪುಳ. ಕನ್ನಡದಲ್ಲಿ ಕೇಪಳ, ಕೆಲವು ಕಡೆ ಕಿಸ್ಕಾರ. ಮಲಯಾಳದಲ್ಲಿ ಚೆತ್ತಿ, ತೆಚ್ಚಿ. ತಮಿಳಿನಲ್ಲಿ ವೆಟ್ಚಿ. ಹಳೆಯ ತಮಿಳು ಕಾವ್ಯಗಳಲ್ಲಿ ಶತ್ರುವಿನ ದನ ಹೊಡೆದುಕೊಂಡು ಬರಲು ಹೊರಟ ವೀರರು ಮುಡಿಯುತ್ತಿದ್ದದ್ದು ಈ ಹೂವನ್ನೇ. ಆ ಬಗೆಯ ಕವಿತೆಗಳಿಗೆ 'ವೆಟ್ಚಿ' ಎಂದೇ ಹೆಸರು. ನಮ್ಮಲ್ಲಿ ತುರುಗಾಳಗದಲ್ಲಿ ಸತ್ತವರಿಗೆ ವೀರಗಲ್ಲು ನೆಟ್ಟರು. ಅಲ್ಲಿ ಹೊರಡುವಾಗಲೇ ಕೆಂಪು ಹೂ ಮುಡಿಸಿದರು. ನನಗೆ ಈ ಹೂವನ್ನು ಕಂಡರೆ ಕಾದಾಟದ ನೆನಪು ಬರುವುದು ಹೇಗೂ ಸಾಧ್ಯವಿಲ್ಲ, ಜೇನಿನದ್ದೇ ಬರುತ್ತದೆ.

ಆಮೇಲೆ ಡಚ್ಚರು ಬಂದರು. ಮಲಬಾರಿನಲ್ಲಿ ಅವರ ಅಧಿಕಾರಿಯಾಗಿದ್ದ ವಾನ್ ರೀಡ್ ಅಲ್ಲಿನ ಗಿಡಮೂಲಿಕೆಗಳನ್ನೆಲ್ಲ ಚಿತ್ರ ಬರೆಸಿ, ವಿವರ ಬರೆಸಿ 'ಹೊರ್ತುಸ್ ಮಲಬಾರಿಕುಸ್' ಎಂಬ 12 ಸಂಪುಟಗಳ ಪುಸ್ತಕ ಮಾಡಿಸಿದ. ಅದು ಆಮ್‌ಸ್ಟರ್‌ಡ್ಯಾಮಿನಲ್ಲಿ 1678ರಿಂದ 1693ರವರೆಗೆ ಅಚ್ಚಾಯಿತು. ಗಿಡಗಳ ಗುರುತು, ಗುಣ ಹೇಳಿಕೊಟ್ಟವರು ಇಟ್ಟಿ ಅಚ್ಯುತನ್ ಎಂಬ ಈಳವ ವೈದ್ಯರು, ಮತ್ತು ರಂಗ ಭಟ್, ವಿನಾಯಕ ಪಂಡಿತ್, ಅಪ್ಪು ಭಟ್ ಎಂಬ ಮೂವರು ಕೊಂಕಣಿ ವೈದ್ಯರು. ಇವರ ಹೇಳಿಕೆಗಳು ಅವರವರ ಭಾಷೆಯಲ್ಲೇ ಪುಸ್ತಕದಲ್ಲಿವೆ, 1675ರ ತಾರೀಖಿನೊಂದಿಗೆ. ಆ ಪುಸ್ತಕದಲ್ಲಿ ನಮ್ಮ ಕೇಪಳವೂ ಇದೆ. ಚೆತ್ತಿಯನ್ನು ಲ್ಯಾಟಿನ್ ಅಕ್ಷರಕ್ಕೆ ಇಳಿಸುವಾಗ ಅದು 'ಸ್ಕೆಟ್ಟಿ' ಎಂದೋ 'ಶೆಟ್ಟಿ' ಎಂದೋ ಓದುವ ಹಾಗೆ ಆಗಿದೆ. ನಮ್ಮೂರಿನ ಅರ್ಧ ಜನರ ಸರ್‌ನೇಮು ಒಂದು ಹೂವಿನ ತಲೆಯ ಮೇಲೆ ಕೂತಿರುವುದನ್ನು ನೋಡಿ ನಾನು ಒಬ್ಬಳೇ ನಕ್ಕಿದ್ದೆ. 1753ರಲ್ಲಿ ಸಸ್ಯಶಾಸ್ತ್ರಜ್ಞ ಲಿನೇಯಸ್ ಇದಕ್ಕೆ ಇಕ್ಸೋರಾ ಕಾಕ್ಸಿನಿಯಾ ಎಂದು ಹೆಸರಿಟ್ಟ. ಕಾಕ್ಸಿನಿಯಾ ಅಂದರೆ ಕಡುಗೆಂಪು. ಇಕ್ಸೋರಾ ಅಂದರೆ? ನಮ್ಮ ಈಶ್ವರನೇ. ಪೋರ್ಚುಗೀಸರ ಬಾಯಲ್ಲಿ ಹಾಗಾದದ್ದು. ಗುಡ್ಡೆಯಿಂದ ದೇವಸ್ಥಾನಕ್ಕೆ ಹೋದ ಹೂ, ದೇವಸ್ಥಾನದಿಂದ ಯುರೋಪಿಗೆ ಹೋಗಿ, ಈಗ ಅದೇ ಹೆಸರಿನ ಬೋರ್ಡು ಹಾಕಿಕೊಂಡು ಬೆಂಗಳೂರಿನ ನರ್ಸರಿಗೆ ಬಂದು ಕೂತಿದೆ.

ದೇವರಿಗೆ ಮಾತ್ರ ಅಲ್ಲ, ದೈವಗಳಿಗೂ ಕೇಪಳ ಬೇಕು. ದೈವದ ಉತ್ಸವವಾದ ನೇಮದ ದಿನ ಪಿಂಗಾರದ (ಅಡಿಕೆ ಹೂವಿನ) ಜೊತೆ ಕೇಪಳದ ಮಾಲೆ ಇಲ್ಲದಿದ್ದರೆ ಏನೋ ಕಮ್ಮಿ ಅನಿಸುತ್ತದೆ. ದೀವಟಿಗೆಯ ಬೆಳಕಲ್ಲಿ ಆ ಕೆಂಪು ನೋಡಿದವರು ಮರೆಯುವುದಿಲ್ಲ, ಅದನ್ನು ಇಲ್ಲಿ ಬರೆದು ಕೆಡಿಸುವುದಿಲ್ಲ.

ಸರಿ, ಮದ್ದಿಗೆ ಬರೋಣ.

ಅಜ್ಜಿಯ ಮನೆಯಲ್ಲಿ ಮದ್ದಿಗೂ ಅಡುಗೆಗೂ ಬೇರೆಬೇರೆ ಕಪಾಟು ಇರಲಿಲ್ಲ. ಬೇಸಿಗೆಯಲ್ಲಿ ಬಾಯಿ ಹುಣ್ಣಾದರೆ, ಮೂತ್ರ ಉರಿದರೆ, 'ಉಷ್ಣ ಆಗಿದೆ' ಎಂದು ಒಂದು ತಂಬುಳಿ. ಒಮ್ಮೆ ಒಂದೆಲಗ, ಒಮ್ಮೆ ನೆಕ್ಕರೆ ಕುಡಿ, ಒಮ್ಮೆ ಪೇರಳೆ ಚಿಗುರು, ಒಮ್ಮೆ ಕೇಪಳ. ಕೇಪಳದ್ದು ಹೀಗೆ: ಒಂದು ಹಿಡಿ ಹೂ, ಹಸಿರು ತೊಟ್ಟು ಬಿಡಿಸಿ, ಇರುವೆ ಕೊಡವಿ. ಒಂದು ಚಮಚ ತುಪ್ಪಕ್ಕೆ ಅರ್ಧ ಚಮಚ ಜೀರಿಗೆ, ನಾಲ್ಕು ಕಾಳುಮೆಣಸು, ಆಮೇಲೆ ಹೂ. ಬಾಡಿದ ಕೂಡಲೇ ಇಳಿಸಬೇಕು, ಕರಿದರೆ ಕಹಿ. ಸ್ವಲ್ಪ ತೆಂಗಿನ ತುರಿ ಹಾಕಿ ನುಣ್ಣಗೆ ರುಬ್ಬಿ, ಮಜ್ಜಿಗೆ, ಉಪ್ಪು. ಬಣ್ಣ ಒಂಥರಾ ಮಬ್ಬು ಗುಲಾಬಿ ಬರುತ್ತದೆ. ರುಚಿ ಎಂದರೆ, ಸುಳ್ಳು ಯಾಕೆ, ಮೆಣಸು ಜೀರಿಗೆ ಮಜ್ಜಿಗೆಯದ್ದೇ ರುಚಿ. ಹಿಂದೆ ಎಲ್ಲೋ ಸಣ್ಣಗೆ ಒಗರು. ಆ ಒಗರೇ ಕೇಪಳ.

ಸಣ್ಣ ಮಕ್ಕಳಿಗೆ ಎಣ್ಣೆ. ತೆಂಗಿನೆಣ್ಣೆಗೆ ಹೂ ಹಾಕಿ ಸಣ್ಣ ಬೆಂಕಿಯಲ್ಲಿ ಕಾಯಿಸುವುದು, ಹೂವಿನ ನೀರೆಲ್ಲ ಆರಿ ಚಟಪಟ ಸದ್ದು ನಿಂತ ಮೇಲೆ ಸೋಸುವುದು. ಬೆವರುಸಾಲೆ, ಕಜ್ಜಿ, ಹಸುಗೂಸಿನ ತಲೆಯಲ್ಲಿ ಹೊಟ್ಟಿನ ಹಾಗೆ ಕಟ್ಟುವ ಪದರ, ಇದಕ್ಕೆಲ್ಲ ಹಚ್ಚುತ್ತಿದ್ದರು. ಕೇರಳದಲ್ಲೂ ಚೆತ್ತಿಪೂವಿನ ಎಣ್ಣೆ ಇಂಥದ್ದಕ್ಕೇ ಹೆಸರುವಾಸಿ. ನನ್ನ ಮಗಳಿಗೂ ಅಮ್ಮ ಹಚ್ಚಿದ್ದಳು. ತಲೆಯ ಹೊಟ್ಟು ಹೋಯಿತು. ಹಚ್ಚದಿದ್ದರೂ ಕೆಲವು ತಿಂಗಳಲ್ಲಿ ತಾನಾಗಿಯೇ ಹೋಗುವಂಥದ್ದು ಅದು ಎಂದು ಮಕ್ಕಳ ಡಾಕ್ಟರು ಹೇಳಿದರು. ಅಮ್ಮನಿಗೆ ಹೇಳಲಿಲ್ಲ.

ಹೆಂಗಸರ ತಿಂಗಳ ತೊಂದರೆ, ಬಿಳಿಸೆರಗು, ಕೆಮ್ಮು, ಬಿಕ್ಕಳಿಕೆ, ಹೀಗೆ ಕೇಪಳಕ್ಕೆ ಹೇಳುವ ಗುಣಗಳ ಪಟ್ಟಿ ಉದ್ದ ಇದೆ. ನಾನು ಮನೆಯಲ್ಲಿ ಕಂಡದ್ದಲ್ಲ, ಹಾಗಾಗಿ ಬಿಡುತ್ತೇನೆ. ಕಂಡದ್ದು ಬೇರಿನದ್ದು. ಅದನ್ನು ಹೇಳಬೇಕೆಂದೇ ಇಷ್ಟೆಲ್ಲ ಸುತ್ತಿ ಬಂದೆ.

ಕೇಪಳದ ಬೇರು ಆಮಶಂಕೆಗೆ. ಹೊಟ್ಟೆ ನುಲಿದು, ಸಿಂಬಳದ ಹಾಗೆ, ಕೆಲವೊಮ್ಮೆ ರಕ್ತ ಸೇರಿ ಹೋಗುತ್ತದಲ್ಲ, ಅದಕ್ಕೆ. ಬರೀ ಭೇದಿಗೂ ಕೊಡುತ್ತಿದ್ದರು. ಬೇರು ತೆಗೆಯುವುದಕ್ಕೆ ಅಜ್ಜಿಗೆ ತನ್ನದೇ ಕ್ರಮ. ದೊಡ್ಡ ಗಿಡವೇ ಆಗಬೇಕು, ಬುಡದ ಒಂದೇ ಮಗ್ಗುಲಿಂದ ಒಂದೇ ಬೇರು, ಕಿರುಬೆರಳಿನಷ್ಟು ದಪ್ಪ, ಗೇಣುದ್ದ. ತೆಗೆದ ಜಾಗಕ್ಕೆ ಮಣ್ಣು ಮುಚ್ಚಿ ಮೇಲೆ ದರಗು, ಅಂದರೆ ಒಣಗಿದ ಎಲೆ, ಹರಡಬೇಕು. ಮುಂದಿನ ಸಲ ಬೇರೆ ಗಿಡ. "ಕೊಟ್ಟವನ ಮನೆಗೇ ದಿನಾ ಹೋಗ್ಲಿಕ್ಕುಂಟಾ?" ಅನ್ನುತ್ತಿದ್ದಳು. ಬೇರನ್ನು ತೊಳೆದು ಜಜ್ಜಿ, ಎರಡು ಲೋಟ ನೀರು ಒಂದಾಗುವವರೆಗೆ ಕುದಿಸಿದರೆ ಕಷಾಯ. ಅದನ್ನು ಒಂದೊಂದೇ ಚಮಚ. ನಡುನಡುವೆ ಗಂಜಿಯ ತಿಳಿಗೆ ಉಪ್ಪು ಹಾಕಿ ಕುಡಿಸುವುದು. ಬೇಡವೆಂದರೂ ಬಿಡುತ್ತಿರಲಿಲ್ಲ, ಗಂಟೆಗೊಮ್ಮೆ ಗಂಜಿತಿಳಿಯ ಲೋಟ ಹಿಡಿದು ಬರುತ್ತಿದ್ದಳು.

ನಾನಾಗ ಮೂರನೇ ಕ್ಲಾಸು. ಮಳೆಗಾಲ. ನನ್ನ ತಮ್ಮನಿಗೆ ಭೇದಿ ಶುರುವಾಯಿತು, ಅವನಿಗೆ ನಾಲ್ಕು ವರ್ಷ. ಮೊದಲ ದಿನ ಕಷಾಯ, ಗಂಜಿತಿಳಿ. ಸಂಜೆಗೆ ಸ್ವಲ್ಪ ನಿಂತ ಹಾಗೆ ಕಂಡಿತು. ರಾತ್ರಿ ವಾಂತಿ ಶುರು. ಕುಡಿಸಿದ್ದೆಲ್ಲ ಹೊರಗೆ. ಬೆಳಿಗ್ಗೆ ಅಜ್ಜಿ ಅವನ ಪಕ್ಕ ಕೂತು ಹೊಟ್ಟೆಯ ಚರ್ಮವನ್ನು ಎರಡು ಬೆರಳಲ್ಲಿ ಮೆಲ್ಲಗೆ ಚಿವುಟಿ ಬಿಟ್ಟಳು. ಚರ್ಮ ಕೂಡಲೇ ಇಳಿಯಲಿಲ್ಲ, ಮಡಿಚಿದ ಬಟ್ಟೆಯ ಹಾಗೆ ಒಂದು ಕ್ಷಣ ನಿಂತಿತು. ಆಮೇಲೆ ಮೂತ್ರ ಮಾಡಿದ್ದು ಯಾವಾಗ ಎಂದು ಅಮ್ಮನನ್ನು ಕೇಳಿದಳು. ಅಮ್ಮನಿಗೆ ನೆನಪಿರಲಿಲ್ಲ. ಅಜ್ಜಿ ಎದ್ದು ಒಲೆಯ ಮೇಲಿದ್ದ ಕಷಾಯದ ಪಾತ್ರೆ ಇಳಿಸಿ ಹೊರಗೆ ಚೆಲ್ಲಿದಳು.

"ಇನ್ನು ಇದು ನನ್ನ ಮದ್ದಿಗೆ ನಿಲ್ಲುವುದಲ್ಲ. ಜೀಪು ಮಾಡಿಕೊಂಡು ಹೊರಡಿ."

ಅಪ್ಪ ಸ್ವಲ್ಪ ಹಿಂದೆಮುಂದೆ ನೋಡಿದ, ಮಳೆ ಹಾಗಿತ್ತು, ತೋಡು ತುಂಬಿತ್ತು. ಅಜ್ಜಿ ಇನ್ನೊಂದು ಮಾತಾಡಲಿಲ್ಲ, ಮಗುವನ್ನು ಕಂಬಳಿಯಲ್ಲಿ ಸುತ್ತಿ ತಾನೇ ಎತ್ತಿಕೊಂಡು ಅಂಗಳಕ್ಕಿಳಿದಳು. ಆಸ್ಪತ್ರೆಯಲ್ಲಿ ಎರಡು ದಿನ ಡ್ರಿಪ್ ಹಾಕಿದರು. ತಮ್ಮ ಈಗ ಆರಡಿ ಇದ್ದಾನೆ, ದುಬೈಯಲ್ಲಿ, ಕೇಪಳ ಅಂದರೆ ಏನೆಂದು ಅವನಿಗೆ ನೆನಪೂ ಇಲ್ಲ.

ಆ ಚರ್ಮ ಚಿವುಟಿ ನೋಡುವುದು ಅಜ್ಜಿಯ ಗುಟ್ಟು ಅಂದುಕೊಂಡಿದ್ದೆ. ವರ್ಷಗಳ ಮೇಲೆ ನನ್ನ ಮಗಳನ್ನು ಆಸ್ಪತ್ರೆಗೆ ಕರೆದುಕೊಂಡು ಹೋದಾಗ ಡಾಕ್ಟರು ಮಾಡಿದ್ದೂ ಅದನ್ನೇ. ಮೈಯಲ್ಲಿ ನೀರು ಎಷ್ಟು ಕಮ್ಮಿಯಾಗಿದೆ ಎಂದು ತಿಳಿಯಲು ವೈದ್ಯರು ಇವತ್ತಿಗೂ ನೋಡುವುದು ಇದನ್ನೇ: ಚಿವುಟಿದ ಚರ್ಮ ಎಷ್ಟು ಬೇಗ ಇಳಿಯುತ್ತದೆ, ಕಣ್ಣು ಗುಳಿಬಿದ್ದಿದೆಯಾ, ಮೂತ್ರ ಹೋಗಿದೆಯಾ.

ಹಾಗಾದರೆ ಕೇಪಳದ ಬೇರು ಕೆಲಸ ಮಾಡುತ್ತಿತ್ತಾ? ಈ ಪ್ರಶ್ನೆ ನನ್ನನ್ನು ಬಹಳ ವರ್ಷ ಕಾಡಿದೆ. ಒಗರಿರುವ ಗಿಡಗಳಲ್ಲಿ ಆ ಒಗರು ಕೊಡುವ ಟ್ಯಾನಿನ್ ಎಂಬ ಪದಾರ್ಥ ಇರುತ್ತದೆ. ಕೇಪಳದಲ್ಲೂ ಇದೆ. ಟ್ಯಾನಿನ್ ಕರುಳಿನ ಒಳಪದರವನ್ನು ಬಿಗಿ ಮಾಡಿ ಭೇದಿಯನ್ನು ಸ್ವಲ್ಪ ಹಿಡಿಯಬಹುದು. ದಾಳಿಂಬೆ ಸಿಪ್ಪೆ, ಪೇರಳೆ ಚಿಗುರು ಎಲ್ಲ ಇದೇ ದಾರಿಯವು. ಆದರೆ ಭೇದಿಯಲ್ಲಿ ಮಕ್ಕಳು ಸಾಯುವುದು ಭೇದಿ ನಿಲ್ಲದ್ದಕ್ಕಿಂತ ಹೆಚ್ಚಾಗಿ ಮೈಯ ನೀರು, ಉಪ್ಪು ಬರಿದಾಗಿ. ಆ ನೀರನ್ನು ತುಂಬಿದವರು ಬದುಕಿಸುತ್ತಾರೆ. 1971ರಲ್ಲಿ ಬಾಂಗ್ಲಾ ಯುದ್ಧದ ನಿರಾಶ್ರಿತರು ತುಂಬಿದ್ದ ಬಂಗಾಳದ ಬನಗಾಂವ್ ಶಿಬಿರದಲ್ಲಿ ಕಾಲರಾ ಹಬ್ಬಿದಾಗ, ಡ್ರಿಪ್ಪಿನ ಬಾಟಲಿಗಳು ಮುಗಿಯುತ್ತ ಬಂದಾಗ, ಡಾಕ್ಟರ್ ದಿಲೀಪ್ ಮಹಲನೊಬಿಸ್ ಅವರು ಗ್ಲೂಕೋಸ್ ಮತ್ತು ಉಪ್ಪು ಬೆರೆಸಿದ ನೀರನ್ನು ಡ್ರಮ್ಮುಗಳಲ್ಲಿ ತುಂಬಿಸಿ ರೋಗಿಗಳ ಮನೆಯವರ ಕೈಗೇ ಕೊಟ್ಟರು, ಕುಡಿಸಿ ಎಂದು. ಸಾವಿನ ಪ್ರಮಾಣ ಸುಮಾರು ಶೇ. 30ರಿಂದ ಶೇ. 3.6ಕ್ಕೆ ಇಳಿಯಿತು. ಅದೇ ನಾವು ಈಗ ಓಆರ್‌ಎಸ್ ಅನ್ನುವುದು. ಕರುಳು ಬರೀ ಉಪ್ಪುನೀರನ್ನು ಆ ಸ್ಥಿತಿಯಲ್ಲಿ ಸರಿಯಾಗಿ ಹೀರುವುದಿಲ್ಲ. ಗ್ಲೂಕೋಸ್ ಜೊತೆಗಿದ್ದರೆ ಅದರ ಕೈಹಿಡಿದು ಉಪ್ಪು ಒಳಗೆ ಹೋಗುತ್ತದೆ, ಉಪ್ಪಿನ ಹಿಂದೆ ನೀರು. ಅಕ್ಕಿಯ ಪಿಷ್ಟ ಹೊಟ್ಟೆಯಲ್ಲಿ ಒಡೆದು ಆಗುವುದೂ ಗ್ಲೂಕೋಸೇ. ಅಕ್ಕಿಯಿಂದಲೇ ಮಾಡಿದ ಓಆರ್‌ಎಸ್ ಅನ್ನೂ ಆಮೇಲೆ ಪರೀಕ್ಷೆ ಮಾಡಿ ನೋಡಿದ್ದಾರೆ, ಕಾಲರಾದಲ್ಲಿ ಅದು ಚೆನ್ನಾಗಿಯೇ ಕೆಲಸ ಮಾಡಿದೆ.

ಇದನ್ನು ಓದಿದ ದಿನ ನಾನು ಸುಮಾರು ಹೊತ್ತು ಸುಮ್ನೆ ಕೂತಿದ್ದೆ. ನಮ್ಮ ಮನೆಯಲ್ಲಿ ಎಲ್ಲರೂ, ಅಜ್ಜಿಯೂ ಸೇರಿ, ಹೊಗಳುತ್ತಿದ್ದದ್ದು ಬೇರನ್ನು. ಗುಡ್ಡೆಗೆ ಹೋಗಿ, ಹುಡುಕಿ, ಅಗೆದು, ಜಜ್ಜಿ, ಕುದಿಸಿ ಮಾಡಿದ್ದಲ್ವಾ, ಅದಕ್ಕೊಂದು ತೂಕ. ಗಂಜಿತಿಳಿ ಯಾವಾಗಲೂ ಒಲೆಯ ಮೇಲೆ ಇದ್ದದ್ದು. ದನಕ್ಕೂ ಹಾಕುವಂಥದ್ದು. ಅದಕ್ಕೆ ಯಾರು ಹೆಸರು ಕೊಡುತ್ತಾರೆ? ಆದರೆ ಆ ಮನೆಯಲ್ಲಿ ಭೇದಿ ಹಿಡಿದ ಅಷ್ಟೂ ಮಕ್ಕಳನ್ನು ಉಳಿಸಿದ್ದು ಜಾಸ್ತಿ ಪಾಲು ಆ ಉಪ್ಪು ಹಾಕಿದ ತಿಳಿಯೇ ಎಂದು ನನಗೆ ಈಗ ಅನಿಸುತ್ತದೆ. ಕೇಪಳ ಅದರ ಜೊತೆಗಿತ್ತು. ಕಹಿ ಒಗರಿನ ಒಂದು ಚಮಚ ಕುಡಿದ ಬಾಯಿಗೆ ಉಪ್ಪು ಗಂಜಿ ಹಿತವಾಗಿಯೂ ಇರುತ್ತಿತ್ತು, ನಾನೇ ಕುಡಿದವಳು.

ಹಾಗೆಂದು ಕೇಪಳವನ್ನು ತೆಗೆದುಹಾಕುವ ಮನಸ್ಸು ನನಗಿಲ್ಲ. ನನ್ನ ಸಿಟ್ಟು ಇರುವುದು ಅದನ್ನು ಅಟ್ಟಕ್ಕೇರಿಸುವವರ ಮೇಲೆ. ಹೋದ ತಿಂಗಳು ಕುಟುಂಬದ ವಾಟ್ಸಾಪ್ ಗುಂಪಿನಲ್ಲಿ ಒಂದು ವಿಡಿಯೋ ಬಂತು. ಹಿನ್ನೆಲೆಯಲ್ಲಿ ಕೊಳಲು. ಕೇಪಳದ ಹೂವಿನಿಂದ ಕ್ಯಾನ್ಸರ್ ಮಾಯ, ಸಕ್ಕರೆ ಕಾಯಿಲೆ ಮಾಯ, ಇಂಗ್ಲಿಷ್ ಮದ್ದು ನಿಲ್ಲಿಸಿ. ಕೇಪಳದ ಹೂವಿನ ಸಾರವನ್ನು ಪ್ರಯೋಗಾಲಯದಲ್ಲಿ ಇಲಿಗಳ ಗೆಡ್ಡೆಗಳ ಮೇಲೆ ಪರೀಕ್ಷೆ ಮಾಡಿದ್ದು ನಿಜ, ಸ್ವಲ್ಪ ಪರಿಣಾಮ ಕಂಡದ್ದೂ ನಿಜ. ಅರ್ಸೋಲಿಕ್ ಆಮ್ಲದಂಥ ಪದಾರ್ಥ ಅದರಲ್ಲಿದೆ. ಸೇಬಿನ ಸಿಪ್ಪೆಯಲ್ಲೂ ಇದೆ. ಪ್ರಯೋಗಾಲಯದ ಇಲಿಯಿಂದ ಆಸ್ಪತ್ರೆಯ ಮಂಚದವರೆಗಿನ ದಾರಿಯಲ್ಲಿ ಬಿದ್ದುಹೋದ ಇಂಥ ಸಾರಗಳಿಗೆ ಲೆಕ್ಕವೇ ಇಲ್ಲ. ನಮ್ಮ ಸಂಬಂಧಿಕರೊಬ್ಬರು ಆಗ ಕೀಮೋ ತೆಗೆದುಕೊಳ್ಳುತ್ತಿದ್ದರು, ಅವರಿಗೆ ಆ ವಿಡಿಯೋ ಎಂಟು ಜನ ಕಳಿಸಿದ್ದಾರೆ. ಎಂಟು! ಅಜ್ಜಿ ಒಂದೂವರೆ ದಿನದಲ್ಲಿ ಪಾತ್ರೆ ಇಳಿಸಿ ಚೆಲ್ಲಿದವಳು. ಇವರಿಗೆ ಇಳಿಸಲು ಪಾತ್ರೆಯೇ ಇಲ್ಲ, ಬರೀ ಫಾರ್ವರ್ಡ್.

ಕೇಪಳ ಸಣ್ಣ ಮದ್ದು, ಸಣ್ಣ ತೊಂದರೆಗಳದ್ದು. ದೊಡ್ಡ ಗ್ರಂಥಗಳಲ್ಲಿ ಹೆಸರಾದ ಕುಟಜದ ಹಾಗಲ್ಲ. ಕುಟಜ ಅಂದರೆ ನಮ್ಮ ಕೊಡಸಿಗೆ, ಅದರ ಅರಿಷ್ಟ (ಹುಳಿಬರಿಸಿದ ಆಯುರ್ವೇದದ ಕಷಾಯ) ಅಂಗಡಿಯಲ್ಲಿ ಬಾಟಲಿಯಲ್ಲಿ ಸಿಗುತ್ತದೆ. ಕೇಪಳಾರಿಷ್ಟ ನಾನಂತೂ ಕಂಡಿಲ್ಲ. ಹಿತ್ತಿಲಲ್ಲಿ ಸಿಗುವವರಿಗೆ ಸಿಗುತ್ತದೆ, ಅಷ್ಟೇ.

ಆದರೆ ಈಗ ಹಿತ್ತಿಲಲ್ಲೂ ಸಿಗುವುದು ಕಷ್ಟ. ಅಜ್ಜಿಮನೆಯ ಗುಡ್ಡೆಯ ಒಂದು ಪಾಲಿನಲ್ಲಿ ಕೆಂಪುಕಲ್ಲಿನ ಕೋರೆ. ಮೆಷಿನ್ನಿನಲ್ಲಿ ಕೊಯ್ದು ಚೌಕ ಚೌಕ ಕಲ್ಲು ತೆಗೆದ ಜಾಗ ಈಗ ಮೆಟ್ಟಿಲು ಮೆಟ್ಟಿಲಾಗಿ ಇಳಿದ ಒಂದು ಹೊಂಡ, ಮಳೆಗಾಲದಲ್ಲಿ ಕೆರೆ. ಇನ್ನೊಂದು ಪಾಲಿಗೆ ರಬ್ಬರ್. ಆ ಕಡೆ ಸರಕಾರಿ ಜಾಗದಲ್ಲಿ ಅಕೇಶಿಯಾ, ಅದರ ಕೆಳಗೆ ದರಗು ಬಿಟ್ಟರೆ ಏನೂ ಕಾಣಿಸದು. ಕೇಪಳ ಉಳಿದಿರುವುದು ನಾಗಬನದಲ್ಲಿ. ಅಲ್ಲಿ ಕತ್ತಿ ಹಾಕಲು ಯಾರಿಗೂ ಧೈರ್ಯ ಇಲ್ಲ. ಹೋದ ವರ್ಷ ಹೋದಾಗ ನೋಡಿದೆ, ಬನದ ನೆರಳಲ್ಲಿ ಬೆಳಕಿಗಾಗಿ ಕತ್ತು ಚಾಚಿ ಚಾಚಿ ಗಿಡ ನನಗಿಂತ ಎತ್ತರ ಹೋಗಿದೆ, ಹೂ ಮಾತ್ರ ಕಮ್ಮಿ. ಈಗ ಬನಕ್ಕೂ ಸುತ್ತ ಕಾಂಕ್ರೀಟು ಕಟ್ಟೆ ಹಾಕಿಸುವ ಮಾತು ನಡೆದಿದೆ. ನಾನು ಒಂದೆರಡು ಮಾತು ಹೇಳಿದೆ. ಊರಲ್ಲಿ ಇಲ್ಲದವರ ಮಾತಿಗೆ ಎಷ್ಟು ಬೆಲೆ ಇರಬೇಕೋ ಅಷ್ಟು ಸಿಕ್ಕಿತು.

ಬನದ ಹೊರಗೆ ಬಿದ್ದಿದ್ದ ಹಣ್ಣುಗಳಿಂದ ನಾಲ್ಕು ಬೀಜ ತಂದಿದ್ದೆ. ಎರಡು ಮೊಳೆಯಿತು, ಒಂದು ಉಳಿಯಿತು. ಬಾಲ್ಕನಿಯ ಚಟ್ಟಿಯಲ್ಲಿ ನಾಲ್ಕೆಲೆ ಆಗುವಷ್ಟರಲ್ಲಿ ಎಲೆ ಹಳದಿ ತಿರುಗಿತು, ನರಗಳು ಮಾತ್ರ ಹಸಿರು, ಉಳಿದದ್ದೆಲ್ಲ ಅರಿಶಿನ. ಗೊಬ್ಬರ ಹಾಕಿದೆ, ಇನ್ನೂ ಹಳದಿ. ಆಮೇಲೆ ಗೊತ್ತಾಯಿತು, ತಪ್ಪು ನೀರಿನದ್ದು. ನಮ್ಮದು ಬೋರ್‌ವೆಲ್ಲಿನ ಗಡುಸು ನೀರು, ಸುಣ್ಣ ತುಂಬಿದ್ದು. ಕೇಪಳಕ್ಕೆ ಹುಳಿ ಮಣ್ಣು ಬೇಕು. ಸುಣ್ಣದ ಮಣ್ಣಿನಲ್ಲಿ ಕಬ್ಬಿಣ ಇದ್ದರೂ ಅದರ ಬೇರಿಗೆ ಎತ್ತಿಕೊಳ್ಳಲಾಗುವುದಿಲ್ಲ. ಮುರಕಲ್ಲಿನ ಗುಡ್ಡೆ ಕೆಂಪಗಿರುವುದೇ ಕಬ್ಬಿಣದಿಂದ, ಮಳೆ ಸುರಿದು ಸುರಿದು ಸುಣ್ಣವೆಲ್ಲ ತೊಳೆದುಹೋದ ಹುಳಿ ಮಣ್ಣು ಅದು. ಅಲ್ಲಿಂದ ಬಂದ ಗಿಡಕ್ಕೆ ನಾನು ಟ್ಯಾಂಕಿನ ನೀರು ಕುಡಿಸುತ್ತಿದ್ದೆ.

ಅಮ್ಮ ಅತ್ತಿಗೆಯ ಕೈಯಲ್ಲಿ ರಾತ್ರಿ ಬಸ್ಸಿಗೆ ಒಂದು ಅಕ್ಕಿಚೀಲದಲ್ಲಿ ಗುಡ್ಡೆಯ ಮಣ್ಣು ಕಟ್ಟಿ ಕಳಿಸಿದಳು. ಚೀಲದ ಬಾಯಿಗೆ ಹಪ್ಪಳದ ಒಂದು ಕಟ್ಟೂ ಇತ್ತು, ಮಣ್ಣು ಮಾತ್ರ ಕಳಿಸಲು ಅವಳಿಗೆ ಮುಜುಗರ. ಈಗ ಮಳೆನೀರು ಹಿಡಿದಿಟ್ಟು ಹಾಕುತ್ತೇನೆ. ಹೊಸ ಎಲೆ ಹಸಿರಾಗಿ ಬರುತ್ತಿದೆ. ಹೂ ಇನ್ನೂ ಇಲ್ಲ.

ಈ ನಡುವೆ ಮಗಳಿಗೆ ಎರಡು ದಿನ ಹೊಟ್ಟೆ ಕೆಟ್ಟಿತ್ತು. ಶಾಲೆಯ ಹೊರಗೆ ಏನೋ ತಿಂದದ್ದು. ಓಆರ್‌ಎಸ್ ಪೊಟ್ಟಣ ಅವಳಿಗೆ ಸೇರುವುದಿಲ್ಲ, ಹಾಗಾಗಿ ಅದನ್ನು ಅರ್ಧ ಕುಡಿಸಿ, ನಡುನಡುವೆ ಗಂಜಿತಿಳಿ ಕೊಟ್ಟೆ. ಎರಡನೇ ದಿನ ಸಂಜೆಗೆ ಎದ್ದು ಕೂತು ದೋಸೆ ಕೇಳಿದಳು. ರಾತ್ರಿ ಅಮ್ಮನ ಫೋನು ಬಂತು.

"ಕೇಪಳದ ಬೇರು ಹಾಕಿದ್ಯಾ?"

"ಇಲ್ಲ ಅಮ್ಮ. ಇರುವುದೊಂದೇ ಗಿಡ, ಗೇಣುದ್ದ ಇಲ್ಲ. ಅದರ ಬೇರು ಕಿತ್ತರೆ ಮತ್ತೆ ಎಂತ ಉಳಿಯುತ್ತದೆ?"

ಅವಳು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಹಿಂದೆ ಟಿವಿ ಸದ್ದು ಕೇಳುತ್ತಿತ್ತು.

"ಗಂಜಿಗೆ ಉಪ್ಪು ಹಾಕಿದ್ಯಲ್ಲ?"

"ಹಾಕಿದ್ದೆ."

"ಮತ್ತೆಂತ," ಅಂದಳು ಅಮ್ಮ. "ಗಿಡಕ್ಕೆ ಮಣ್ಣು ಸಾಕಾಗಿದೆಯಾ, ಇನ್ನೂ ಸ್ವಲ್ಪ ಕಳಿಸಬೇಕಾ?"